ಸ್ಟಾರ್ಟ್ ಆಗಲು ಹಟ ಹಿಡಿಯುವ ಹಳೆಯ ಪಿಕಪ್ ಗಾಡಿ: ದೋಷ ಎಲ್ಲಿದೆಯೆಂದು ತಿಳಿಯುವ ಬಗೆ



ಬೆಳೆ ಕೊಯ್ದ ಮಾತ್ರಕ್ಕೆ ಬೇಸಾಯ ಮುಗಿಯುವುದಿಲ್ಲ. ಕೊಯ್ದ ಮಾಲು ಸಕಾಲಕ್ಕೆ ಕಣವನ್ನೋ, ಬೇಯಿಸುವ ಮನೆಯನ್ನೋ, ಮಾರುಕಟ್ಟೆಯ ಅಂಗಳವನ್ನೋ ಸೇರಿದಾಗಲೇ ವರ್ಷದ ದುಡಿಮೆ ಕೈಗೆ ಹತ್ತುವುದು. ಚನ್ನಗಿರಿ ಕಡೆಯ ತೋಟದಲ್ಲಿ ಇಳಿಸಿದ ಹಸಿ ಅಡಿಕೆ ಗೊನೆಗಳು ಮರದ ಬುಡದಲ್ಲೇ ದಿನಗಟ್ಟಲೆ ಬಿದ್ದರೆ ಸಿಪ್ಪೆ ಬಾಡಿ ಸುಲಿಯಲು ಕಷ್ಟ. ಸುಲಿಯಲು ಬಂದ ಆಳುಗಳ ಕೂಲಿಯೂ ದಂಡ. ಜಗಳೂರಿನ ಹೊಲದಲ್ಲಿ ಕಿತ್ತು ಗುಡ್ಡೆ ಹಾಕಿದ ಈರುಳ್ಳಿಯ ಮೇಲೆ ಒಂದು ಹದ ಮಳೆ ಬಿದ್ದರೆ ಕೊಳೆ ಹತ್ತಲು ತಡವಿಲ್ಲ. ಹೊನ್ನಾಳಿ, ನ್ಯಾಮತಿಯ ಮೆಕ್ಕೆಜೋಳ ತೇವ ಕುಡಿದರೆ ಬೂಸಲು ಬಂದು ದರ ಇಳಿಯುತ್ತದೆ. ಇಂಥ ಹೊತ್ತಿನಲ್ಲಿ ಮನೆಯ ಮುಂದೆ ನಿಂತ ಹಳೆಯ ಪಿಕಪ್ ಗಾಡಿ ಕೀಲಿ ತಿರುಗಿಸಿದಷ್ಟೂ ಗೊರಗೊರ ಎಂದು ಸುಮ್ಮನಾದರೆ ಆಗುವ ನಷ್ಟವನ್ನು ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ.

ಈ ಲೇಖಕ ಬೇಸಾಯ ಶಾಸ್ತ್ರದವನೇ ಹೊರತು ಯಂತ್ರ ಶಾಸ್ತ್ರದವನಲ್ಲ. ಆದರೆ ಕತ್ತಲಗೆರೆಯ ಕೃಷಿ ಸಂಶೋಧನಾ ಕೇಂದ್ರಕ್ಕೆ ಬರುವ ರೈತರೊಡನೆ ಗೊಬ್ಬರದ ಪ್ರಮಾಣ, ಬೀಜದ ತಳಿ ಎಂದು ಮಾತು ಆರಂಭವಾದರೂ ಕೊನೆಗೆ ಅದು ಗಾಡಿಯ ಕಡೆ ತಿರುಗುವುದುಂಟು. ಗಾಡಿಯ ದೋಷವನ್ನು ಪತ್ತೆ ಮಾಡುವ ಕ್ರಮಕ್ಕೂ ಬೆಳೆಯ ದೋಷವನ್ನು ಪತ್ತೆ ಮಾಡುವ ಕ್ರಮಕ್ಕೂ ಹೆಚ್ಚು ವ್ಯತ್ಯಾಸವಿಲ್ಲ. ಎಲೆ ಹಳದಿಯಾಗಿದೆ ಎಂದ ಕೂಡಲೇ ಯೂರಿಯಾ ಚೆಲ್ಲುವವರು ಇದ್ದಾರೆ; ಹಳದಿ ಕೆಳಗಿನ ಎಲೆಯಲ್ಲಿದೆಯೋ, ಸುಳಿಯಲ್ಲಿದೆಯೋ, ಬೇರು ನೀರಿನಲ್ಲಿ ಉಸಿರು ಕಟ್ಟಿದೆಯೋ ಎಂದು ನೋಡುವವರು ಕಡಿಮೆ. ಹಾಗೆಯೇ ಗಾಡಿ ಸ್ಟಾರ್ಟ್ ಆಗುತ್ತಿಲ್ಲವೆಂದ ಕೂಡಲೇ ಹೊಸ ಬ್ಯಾಟರಿ ಕೊಳ್ಳುವುದು, ಅದಕ್ಕೂ ಬಗ್ಗದಿದ್ದರೆ ಪಂಪು ಬಿಚ್ಚಿಸುವುದು, ಅದೂ ಆಗದಿದ್ದರೆ ಇಂಜಿನ್ ಬೋರ್ ಮಾಡಿಸುವುದು ರೂಢಿಯಾಗಿದೆ. ಖರ್ಚಿನ ಈ ಮೂರು ಮೆಟ್ಟಿಲು ಹತ್ತುವ ಮೊದಲು ಅರ್ಧ ಗಂಟೆ ಕಾಲ ನೋಡಿ, ಕೇಳಿ, ಮೂಸಿ ತಿಳಿಯಬಹುದಾದ ಸಂಗತಿಗಳು ಹಲವು ಇವೆ.

ಇಲ್ಲಿ ಹೇಳುವುದೆಲ್ಲ ಪಂಪು ಮತ್ತು ನಾಜಲ್ ಇರುವ, ಕಂಪ್ಯೂಟರ್ ಇಲ್ಲದ ಹಳೆಯ ಡೀಸೆಲ್ ಗಾಡಿಗಳಿಗೆ ಮಾತ್ರ ಅನ್ವಯಿಸುತ್ತದೆ. ಟ್ರ್ಯಾಕ್ಟರಿಗೂ ಡೀಸೆಲ್ ಪಂಪ್‌ಸೆಟ್ಟಿಗೂ ಇದರ ಬಹುಭಾಗ ಸಲ್ಲುತ್ತದೆ. 2020ರ ಏಪ್ರಿಲ್ 1ರಿಂದ ದೇಶದಲ್ಲೆಲ್ಲ ಜಾರಿಗೆ ಬಂದ ಬಿ.ಎಸ್.-6 ಮಾದರಿಯ ಗಾಡಿಗಳಲ್ಲಿ, ಹಾಗೂ ಅದಕ್ಕೆ ಮುಂಚಿನ ಕಾಮನ್ ರೈಲ್ ಇಂಜಿನ್ನುಗಳಲ್ಲಿ, ಡೀಸೆಲ್ಲಿನ ಒತ್ತಡ ವಾತಾವರಣದ ಒತ್ತಡದ ಸಾವಿರ ಪಟ್ಟನ್ನೂ ಮೀರುತ್ತದೆ. ಅಂಥ ಗಾಡಿಯ ನಾಜಲ್ ಪೈಪಿಗೆ ಸ್ಪ್ಯಾನರ್ ಹಾಕಬೇಡಿ.

ಹಳೆಯ ಪಂಪುಗಳಿಗೆ ನಮ್ಮ ಕಡೆ ಇಂದಿಗೂ 'ಮೈಕೋ ಪಂಪು' ಎಂದೇ ಹೆಸರು. 1951ರಲ್ಲಿ ಬೆಂಗಳೂರಿನಲ್ಲಿ ಸ್ಥಾಪನೆಯಾದ ಮೋಟಾರ್ ಇಂಡಸ್ಟ್ರೀಸ್ ಕಂಪನಿಯ ಚಿಕ್ಕ ಹೆಸರು ಅದು. ಕಂಪನಿಯ ಹೆಸರು 2008ರಲ್ಲಿ ಬಾಷ್ ಎಂದು ಬದಲಾದರೂ ರೈತರ ಬಾಯಲ್ಲಿ ಮೈಕೋ ಉಳಿದುಕೊಂಡಿದೆ.

ಡೀಸೆಲ್ ಇಂಜಿನ್ನಿಗೆ ಏನು ಬೇಕು?

ಪೆಟ್ರೋಲ್ ಇಂಜಿನ್ನಿಗೆ ಇರುವಂತೆ ಡೀಸೆಲ್ ಇಂಜಿನ್ನಿಗೆ ಕಿಡಿ ಹಾರಿಸುವ ಪ್ಲಗ್ ಇಲ್ಲ. ಸೈಕಲ್ಲಿಗೆ ಗಾಳಿ ಹೊಡೆಯುವಾಗ ಪಂಪಿನ ತುದಿ ಬಿಸಿಯಾಗುವುದನ್ನು ನೀವೆಲ್ಲ ಬಲ್ಲಿರಿ. ಅದೇ ತತ್ವ ಇಲ್ಲಿಯೂ ಇದೆ. ಸಿಲಿಂಡರಿನ ಗಾಳಿಯನ್ನು ಪಿಸ್ಟನ್ನು ಹದಿನೇಳು ಹದಿನೆಂಟರಲ್ಲಿ ಒಂದು ಪಾಲಿನ ಜಾಗಕ್ಕೆ ಒತ್ತಿದಾಗ ಆ ಗಾಳಿಯ ಬಿಸಿ 500 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ. ಡೀಸೆಲ್ ತಾನಾಗಿ ಹೊತ್ತಿಕೊಳ್ಳಲು ಇದರ ಅರ್ಧದಷ್ಟು ಬಿಸಿ ಸಾಕು. ಆ ಕ್ಷಣಕ್ಕೆ ಸರಿಯಾಗಿ ನಾಜಲ್ ಮಂಜಿನಂತೆ ಡೀಸೆಲ್ ಚಿಮುಕಿಸಿದರೆ ಬೆಂಕಿ ಹತ್ತುತ್ತದೆ.

ಹಾಗಾದರೆ ಇಂಜಿನ್ನಿಗೆ ಬೇಕಾದದ್ದು ಮೂರೇ: ಚುರುಕಾಗಿ ತಿರುಗುವುದು, ಗಾಳಿ ಸೋರದೆ ಒತ್ತಿಕೊಳ್ಳುವುದು, ಡೀಸೆಲ್ ಹೊತ್ತಿಗೆ ಸರಿಯಾಗಿ ಬರುವುದು. ಚುರುಕಾಗಿ ಏಕೆ ತಿರುಗಬೇಕೆಂದರೆ, ನಿಧಾನವಾಗಿ ಒತ್ತಿದ ಗಾಳಿ ತನ್ನ ಬಿಸಿಯನ್ನು ತಣ್ಣನೆಯ ಕಬ್ಬಿಣದ ಗೋಡೆಗೆ ಕೊಟ್ಟುಬಿಡುತ್ತದೆ. ರಿಂಗುಗಳ ಸಂದಿನಿಂದ ಸೋರಿಯೂ ಹೋಗುತ್ತದೆ. ಸೆಲ್ಫ್ ಹೊಡೆದಾಗ ಇಂಜಿನ್ನು ನಿಮಿಷಕ್ಕೆ ಸುಮಾರು 150 ರಿಂದ 200 ಸುತ್ತಾದರೂ ತಿರುಗಬೇಕು.

ಇಲ್ಲಿ ಒಂದು ಮಾತನ್ನು ಸೇರಿಸಬೇಕು. 'ಚಳಿಗೆ ಗಾಡಿ ಸ್ಟಾರ್ಟ್ ಆಗುವುದಿಲ್ಲ' ಎಂದು ಪುಷ್ಯ ಮಾಸದಲ್ಲಿ ಎಲ್ಲರೂ ಹೇಳುತ್ತಾರೆ. ಹಿಮ ಬೀಳುವ ನಾಡುಗಳಲ್ಲಿ ಡೀಸೆಲ್ಲಿನಲ್ಲಿರುವ ಮೇಣ ಹೆಪ್ಪುಗಟ್ಟಿ ಫಿಲ್ಟರ್ ಕಟ್ಟಿಕೊಳ್ಳುವುದು ನಿಜ. ನಮ್ಮ ಈ ನಾಲ್ಕು ತಾಲ್ಲೂಕುಗಳ ಚಳಿ ಅಂಥದ್ದಲ್ಲ. ಆರೋಗ್ಯವಾಗಿರುವ ಇಂಜಿನ್ನು ಇಲ್ಲಿಯ ಯಾವ ಮುಂಜಾವಿನಲ್ಲಾದರೂ ಸ್ಟಾರ್ಟ್ ಆಗಲೇಬೇಕು. ಮೊದಲೇ ಇದ್ದ ದೋಷವೊಂದನ್ನು ಚಳಿ ಹೊರಗೆ ತೋರಿಸುತ್ತದೆ, ಅಷ್ಟೆ. ಬೇಸಿಗೆ ಬಂದಾಗ ಗಾಡಿ ಸರಿಹೋಯಿತೆಂದು ಬಿಟ್ಟರೆ ಮುಂದಿನ ವರ್ಷ ಅದೇ ದೋಷ ಬಲಿತು ಎದುರು ನಿಲ್ಲುತ್ತದೆ.

ಮೊದಲು ಕಿವಿಗೊಡಿ

ಕೀಲಿ ತಿರುಗಿಸಿದಾಗ ಇಂಜಿನ್ನು ಹೇಗೆ ತಿರುಗುತ್ತದೆಂದು ಕೇಳಿ. ಚುರುಕಾಗಿ ತಿರುಗಿಯೂ ಹತ್ತದಿದ್ದರೆ ದೋಷ ಡೀಸೆಲ್ಲಿನ ದಾರಿಯಲ್ಲೋ, ಹೀಟರಿನಲ್ಲೋ, ಗಾಳಿಯಲ್ಲೋ ಇದೆ. ಮುಲುಗುತ್ತ ನಿಧಾನವಾಗಿ ತಿರುಗಿದರೆ, ಇಲ್ಲವೆ 'ಟಕ್' ಎಂದು ಸುಮ್ಮನಾದರೆ, ಪಂಪಿನ ಕಡೆ ನೋಡುವುದೇ ಬೇಡ. ದೋಷ ಬ್ಯಾಟರಿ, ವೈರು, ಸೆಲ್ಫ್ ಮೋಟಾರು ಈ ಮೂರರಲ್ಲಿ ಒಂದರಲ್ಲಿದೆ. ಈ ಒಂದು ಭೇದವನ್ನು ಮಾಡಿಕೊಂಡರೆ ಅರ್ಧ ಕೆಲಸ ಮುಗಿದಂತೆ.

ಮನೆಯಲ್ಲಿ ಒಂದು ಸಾಧಾರಣ ಮಲ್ಟಿಮೀಟರ್ ಇಟ್ಟುಕೊಳ್ಳಿರೆಂದು ನನ್ನ ಸಲಹೆ. ಕೆಲವೇ ನೂರು ರೂಪಾಯಿಗೆ ಸಿಗುತ್ತದೆ. ಬೋರ್‌ವೆಲ್ ಸ್ಟಾರ್ಟರ್ ಪೆಟ್ಟಿಗೆಯ ಕೆಲಸಕ್ಕೂ ಬರುತ್ತದೆ. ರಾತ್ರಿ ನಿಂತ ಗಾಡಿಯ ಬ್ಯಾಟರಿಯಲ್ಲಿ ಬೆಳಿಗ್ಗೆ 12.6 ವೋಲ್ಟ್ ಕಂಡರೆ ಅದು ತುಂಬಿದೆ. 12.4 ಇದ್ದರೆ ಮುಕ್ಕಾಲು ಪಾಲು. 12ಕ್ಕೆ ಇಳಿದಿದ್ದರೆ ಕಾಲು ಪಾಲಷ್ಟೇ ಉಳಿದಿದೆ. ಅನಂತರ ಒಬ್ಬರು ಸೆಲ್ಫ್ ಹೊಡೆಯುವಾಗ ಇನ್ನೊಬ್ಬರು ಮೀಟರ್ ನೋಡಬೇಕು. ಹೊಡೆಯುವಾಗಲೂ 9.6 ವೋಲ್ಟಿಗಿಂತ ಕೆಳಗಿಳಿಯಬಾರದು. ತುಂಬಿದ ಬ್ಯಾಟರಿ ಹೊಡೆದೊಡನೆ ಏಳಕ್ಕೋ ಎಂಟಕ್ಕೋ ಕುಸಿದರೆ ಅದರ ಆಯುಷ್ಯ ಮುಗಿಯುತ್ತ ಬಂದಿದೆ, ಇಲ್ಲವೆ ಸೆಲ್ಫ್ ಮೋಟಾರು ಬಿಗಿದುಕೊಂಡು ಮಿತಿಮೀರಿ ಕರೆಂಟ್ ಎಳೆಯುತ್ತಿದೆ. ಇಂಜಿನ್ನು ಓಡುವಾಗ ಬ್ಯಾಟರಿಯಲ್ಲಿ 13.8 ರಿಂದ 14.4 ವೋಲ್ಟ್ ಇರಬೇಕು. ಇಲ್ಲದಿದ್ದರೆ ಫ್ಯಾನ್ ಬೆಲ್ಟ್ ಸಡಿಲವಾಗಿದೆ ಅಥವಾ ಡೈನಮೋ ಚಾರ್ಜ್ ಕೊಡುತ್ತಿಲ್ಲ. ಹೊಸ ಬ್ಯಾಟರಿ ಹಾಕಿದರೂ ಅದು ವಾರದಲ್ಲಿ ಮಲಗುತ್ತದೆ.

ಚನ್ನಗಿರಿಯ ತೋಟಗಾರರಿಗೆ ಇಲ್ಲೊಂದು ವಿಶೇಷ ಸೂಚನೆ. ಕೊಯ್ಲಿನ ಕಾಲದಲ್ಲಿ ನಿಮ್ಮ ಗಾಡಿ ತೋಟದಿಂದ ಬೇಯಿಸುವ ಮನೆಗೆ ದಿನಕ್ಕೆ ಹತ್ತು ಹನ್ನೆರಡು ಸಲ ತಿರುಗುತ್ತದೆ; ಪ್ರತಿ ಸಲ ಹತ್ತು ನಿಮಿಷದ ಓಟ. ಒಂದು ನಿಮಿಷ ಕಾಲ ಬಿಡಿಬಿಡಿಯಾಗಿ ಸೆಲ್ಫ್ ಹೊಡೆದಿರೆನ್ನಿ. ಸೆಲ್ಫ್ ಮೋಟಾರು ಸುಮಾರು 250 ಆಂಪಿಯರ್ ಎಳೆಯುತ್ತದೆಂದು ಲೆಕ್ಕ ಹಿಡಿದರೆ ಆ ಒಂದು ನಿಮಿಷಕ್ಕೆ 4 ಆಂಪಿಯರ್-ಗಂಟೆಗೂ ಮೇಲ್ಪಟ್ಟು ಹೋಯಿತು. ಡೈನಮೋ 10 ಆಂಪಿಯರಿನಂತೆ ಹಿಂದಿರುಗಿಸಿದರೆ 25 ನಿಮಿಷ ಬೇಕು. ನಿಮ್ಮ ಓಟ ಹತ್ತೇ ನಿಮಿಷ. ಹೀಗೆ ದಿನದಿನಕ್ಕೂ ಸಾಲ ಬೆಳೆದು, ಬ್ಯಾಟರಿ ಸೊರಗಿ, ಸೆಲ್ಫ್ ನಿಧಾನವಾಗಿ, ಇನ್ನಷ್ಟು ಹೊಡೆಯಬೇಕಾಗುತ್ತದೆ. ಸ್ಟಾರ್ಟ್ ಕಷ್ಟವಾಗಿಸಿದ ಮೂಲ ದೋಷ ಬೇರೆ ಎಲ್ಲೋ ಇರಬಹುದು. ಸತ್ತದ್ದು ಮಾತ್ರ ಬ್ಯಾಟರಿ. ಆದ್ದರಿಂದ ಬ್ಯಾಟರಿ ಬದಲಿಸಿದ ಮೇಲೆಯೂ ಬೆಳಿಗ್ಗೆ ಹೆಚ್ಚು ಹೊತ್ತು ಹೊಡೆಯಬೇಕಾಗಿದ್ದರೆ ಹುಡುಕುವುದನ್ನು ನಿಲ್ಲಿಸಬೇಡಿ.

ಬ್ಯಾಟರಿಗೆ ಡಿಸ್ಟಿಲ್ಡ್ ವಾಟರನ್ನೇ ಹಾಕಿ. ಹನಿ ನೀರಾವರಿಯ ತೂತುಗಳಲ್ಲಿ ಬಿಳಿ ಪೊರೆ ಕಟ್ಟಿಸುವ ಗಡಸು ಬೋರ್ ನೀರು ಬ್ಯಾಟರಿಯ ಪ್ಲೇಟುಗಳಿಗೆ ಒಳ್ಳೆಯದನ್ನು ಮಾಡುವುದಿಲ್ಲ. ಜಗಳೂರಿನ ಬೇಸಿಗೆಯಲ್ಲಿ ನೀರು ಬೇಗ ಇಂಗುವುದರಿಂದ ಹದಿನೈದು ದಿನಕ್ಕೊಮ್ಮೆ ಮುಚ್ಚಳ ತೆಗೆದು ನೋಡಬೇಕು.

ಗೊಬ್ಬರ ಮತ್ತು ಅರ್ಥ್ ವೈರು

ಇದು ಬೇಸಾಯಗಾರರ ಗಾಡಿಗೇ ವಿಶೇಷವಾದ ದೋಷ; ಆದ್ದರಿಂದ ಸ್ವಲ್ಪ ವಿವರಿಸುತ್ತೇನೆ. ಬ್ಯಾಟರಿಯಿಂದ ಸೆಲ್ಫ್ ಮೋಟಾರಿಗೆ ಹೋದ ಕರೆಂಟ್ ಹಿಂದಿರುಗಬೇಕಾದದ್ದು ಇಂಜಿನ್ನಿನಿಂದ ಛಾಸಿಗೆ ಕಟ್ಟಿದ ಹೆಣೆದ ಪಟ್ಟಿಯ ಮೂಲಕ. ಇದಕ್ಕೆ ಅರ್ಥ್ ಎನ್ನುತ್ತಾರೆ. ಇದು ಗಾಡಿಯ ಅಡಿಯಲ್ಲಿದ್ದು ಯಾರ ಕಣ್ಣಿಗೂ ಬೀಳುವುದಿಲ್ಲ.

ನಾವು ಬಳಸುವ ಮ್ಯೂರಿಯೇಟ್ ಆಫ್ ಪೊಟ್ಯಾಷ್ ಎಂಬ ಗೊಬ್ಬರದ ತೂಕದಲ್ಲಿ ಹತ್ತಿರ ಹತ್ತಿರ ಅರ್ಧ ಪಾಲು ಕ್ಲೋರೈಡ್ ಇರುತ್ತದೆ. ಹರಿದ ಚೀಲದಿಂದ ಉದುರಿದ ಹರಳು ತೊಟ್ಟಿಯ ಸಂದಿನಿಂದ ಛಾಸಿಗೆ ಇಳಿದು, ಮಳೆಗಾಲದ ತೇವ ಹೀರಿ, ಉಪ್ಪು ನೀರಿನಂತೆ ಕಬ್ಬಿಣವನ್ನು ತಿನ್ನುತ್ತದೆ. ಕೋಳಿ ಗೊಬ್ಬರದಿಂದಲೂ, ನೆನೆದ ಯೂರಿಯಾದಿಂದಲೂ ಏಳುವ ಅಮೋನಿಯಾ ತಾಮ್ರದ ಶತ್ರು. ತಾಮ್ರದ ಎಳೆಗಳನ್ನು ಹಸಿರುಗಟ್ಟಿಸಿ ಪುಡಿ ಮಾಡುತ್ತದೆ. ಅಡಿಕೆ ತೋಟಕ್ಕೆ ಕೋಳಿ ಗೊಬ್ಬರ ಸಾಗಿಸುವ ಗಾಡಿಗಳಲ್ಲಿ ಈ ಅರ್ಥ್ ಪಟ್ಟಿಯ ಬೋಲ್ಟಿನಡಿ ತುಕ್ಕಿನ ಪದರ ಕೂತಿರುವುದು ಅಪರೂಪವಲ್ಲ. ಲೈಟು ಚೆನ್ನಾಗಿ ಉರಿಯುತ್ತದೆ, ಹಾರ್ನ್ ಕೂಗುತ್ತದೆ, ಸೆಲ್ಫ್ ಮಾತ್ರ ಎತ್ತುವುದಿಲ್ಲ. ಲೈಟಿಗೆ ಬೇಕಾದ ಅಲ್ಪ ಕರೆಂಟ್ ತುಕ್ಕಿನಲ್ಲೂ ನುಸುಳುತ್ತದೆ. ಸೆಲ್ಫಿಗೆ ಬೇಕಾದ ನೂರಾರು ಆಂಪಿಯರ್ ನುಸುಳುವುದಿಲ್ಲ.

ಪರೀಕ್ಷೆ ಸುಲಭ. ಮೀಟರಿನ ಒಂದು ಕಡ್ಡಿಯನ್ನು ಬ್ಯಾಟರಿಯ ಮೈನಸ್ ಕಂಬಕ್ಕೂ ಇನ್ನೊಂದನ್ನು ಇಂಜಿನ್ನಿನ ಬಣ್ಣವಿಲ್ಲದ ಕಬ್ಬಿಣಕ್ಕೂ ಇಟ್ಟು ಸೆಲ್ಫ್ ಹೊಡೆಸಿ. ಅರ್ಧ ವೋಲ್ಟಿಗಿಂತ ಹೆಚ್ಚು ತೋರಿಸಿದರೆ ಅರ್ಥ್ ಕೆಟ್ಟಿದೆ. ಮೀಟರ್ ಇಲ್ಲವೆ? ಹತ್ತು ಸೆಕೆಂಡು ಹೊಡೆದ ಮೇಲೆ ಬ್ಯಾಟರಿಯ ಕೊಂಡಿಗಳನ್ನೂ ಅರ್ಥ್ ಬೋಲ್ಟನ್ನೂ ಕೈಯಿಂದ ಮುಟ್ಟಿ ನೋಡಿ. ಎಲ್ಲಿ ಬಿಸಿಯಾಗಿದೆಯೋ ಅಲ್ಲಿ ತಡೆ ಇದೆ. ಬಿಚ್ಚಿ, ಮರಳು ಕಾಗದದಿಂದ ಹೊಳೆಯುವಂತೆ ಉಜ್ಜಿ, ಬಿಗಿದ ನಂತರ ಮೇಲೆ ಗ್ರೀಸ್ ಸವರಿ. ಕೊಂಡಿ ಬಿಚ್ಚುವಾಗ ಮೈನಸ್ ಅನ್ನು ಮೊದಲು ಬಿಚ್ಚುವುದು, ಹಾಕುವಾಗ ಅದನ್ನೇ ಕೊನೆಗೆ ಹಾಕುವುದು ಕ್ರಮ. ಗೊಬ್ಬರ ಹೇರಿದ ದಿನ ತೊಟ್ಟಿಯನ್ನೂ ಛಾಸಿಯನ್ನೂ ನೀರಿನಿಂದ ತೊಳೆಯುವ ರೂಢಿ ಇಟ್ಟುಕೊಂಡರೆ ಈ ದೋಷ ಬರುವುದೇ ಕಡಿಮೆ.

ಹೊಗೆ ಹೇಳುವ ಸುದ್ದಿ

ಇಂಜಿನ್ನು ಚುರುಕಾಗಿ ತಿರುಗಿಯೂ ಹತ್ತುತ್ತಿಲ್ಲವೆನ್ನಿ. ಈಗ ಒಬ್ಬರು ಹಿಂದೆ ನಿಂತು ಸೈಲೆನ್ಸರ್ ಕೊಳವೆಯನ್ನು ನೋಡಬೇಕು. ಹೊಗೆಯೇ ಬರದಿದ್ದರೆ ಸಿಲಿಂಡರಿಗೆ ಡೀಸೆಲ್ ಹೋಗುತ್ತಿಲ್ಲ. ಬಿಳಿ ಹೊಗೆ ಬಂದು ಕಣ್ಣು ಉರಿಯುವ ಹಸಿ ಡೀಸೆಲ್ ವಾಸನೆ ಹೊಡೆದರೆ ಡೀಸೆಲ್ ಹೋಗುತ್ತಿದೆ, ಉರಿಯುತ್ತಿಲ್ಲ. ಅಂದರೆ ಬಿಸಿ ಸಾಲದು. ಆಗ ಹೀಟರ್, ನಾಜಲ್, ಟೈಮಿಂಗ್, ಕಂಪ್ರೆಷನ್ ಈ ನಾಲ್ಕನ್ನು ಕ್ರಮವಾಗಿ ನೋಡಬೇಕು. ಕಪ್ಪು ಹೊಗೆ ಬಂದರೆ ಗಾಳಿ ಸಾಲದು ಅಥವಾ ಡೀಸೆಲ್ ಹೆಚ್ಚು. ಹತ್ತಿದ ಮೇಲೆ ನೀಲಿ ಹೊಗೆ ಬರುತ್ತಿದ್ದರೆ ಇಂಜಿನ್ ಆಯಿಲ್ ಒಳಗೆ ಉರಿಯುತ್ತಿದೆ.

ಹೊಗೆಯೇ ಇಲ್ಲದಾಗ ಎಲ್ಲರಿಗಿಂತ ಮೊದಲು ಇಂಜಿನ್ ನಿಲ್ಲಿಸುವ ಸ್ಟಾಪ್ ಎಳೆಯನ್ನು ನೋಡಿ. ಎಳೆದು ನಿಲ್ಲಿಸುವ ತಂತಿ ಇರುವ ಗಾಡಿಗಳಲ್ಲಿ ತಂತಿ ತುಕ್ಕು ಹಿಡಿದು ಪೂರ್ತಿ ಹಿಂದಕ್ಕೆ ಹೋಗದೆ ಪಂಪನ್ನು ಮುಚ್ಚಿಯೇ ಇಟ್ಟಿರುತ್ತದೆ. ಕೀಲಿಯಿಂದ ನಿಲ್ಲುವ ಗಾಡಿಗಳಲ್ಲಿ ಪಂಪಿನ ಮೇಲೆ ಒಂದು ಸೊಲೆನಾಯ್ಡ್ ಇರುತ್ತದೆ. ಕೀಲಿ ತಿರುಗಿಸಿದಾಗ ಅದು 'ಟಿಕ್' ಎನ್ನಬೇಕು. ಎನ್ನದಿದ್ದರೆ ಅದರ ವೈರು, ಫ್ಯೂಸ್ ನೋಡಿ. ಇಷ್ಟು ಸಣ್ಣ ಕಾರಣಕ್ಕೆ ಗಾಡಿಯನ್ನು ಹಗ್ಗ ಕಟ್ಟಿ ಎಳೆದುಕೊಂಡು ಹೋದವರುಂಟು.

ಡೀಸೆಲ್ ದಾರಿಯಲ್ಲಿ ಗಾಳಿ

ಹಳೆಯ ಗಾಡಿಗಳ ಕಾಯಿಲೆಗಳಲ್ಲಿ ಹೆಚ್ಚಿನವು ಇದೇ ಎಂದು ನನ್ನ ಅಭಿಪ್ರಾಯ. ಲಕ್ಷಣಗಳನ್ನು ಗಮನಿಸಿ: ರಾತ್ರಿ ನಿಂತ ಗಾಡಿ ಬೆಳಿಗ್ಗೆ ಒಂದೆರಡು ಕ್ಷಣ ಹತ್ತಿ ತಟ್ಟನೆ ನಿಲ್ಲುತ್ತದೆ, ಆಮೇಲೆ ಬಹಳ ಹೊತ್ತು ಹೊಡೆದರೆ ತೊದಲುತ್ತ ಹತ್ತುತ್ತದೆ, ಒಮ್ಮೆ ಹತ್ತಿದರೆ ದಿನವಿಡೀ ತೊಂದರೆ ಕೊಡುವುದಿಲ್ಲ. ಇಳಿಜಾರಿನಲ್ಲಿ ಮೂತಿ ಕೆಳಗೆ ಮಾಡಿ ನಿಲ್ಲಿಸಿದರೆ ಬೆಳಿಗ್ಗೆ ಸುಲಭವಾಗಿ ಹತ್ತುತ್ತದೆ, ಮೂತಿ ಮೇಲೆ ಮಾಡಿದರೆ ಹತ್ತುವುದಿಲ್ಲ. ಇದರ ಅರ್ಥವೇನೆಂದರೆ ರಾತ್ರಿ ಪೈಪಿನೊಳಗಿನ ಡೀಸೆಲ್ ಟ್ಯಾಂಕಿಗೆ ಹಿಂದಿರುಗಿ ಹೋಗುತ್ತಿದೆ, ಆ ಜಾಗಕ್ಕೆ ಗಾಳಿ ಬರುತ್ತಿದೆ.

ಇಲ್ಲಿ ಬಹಳ ಮಂದಿ ಎಡವುವ ಅಂಶವೊಂದಿದೆ. 'ಎಲ್ಲೂ ಡೀಸೆಲ್ ಸೋರುತ್ತಿಲ್ಲ, ಆದ್ದರಿಂದ ಪೈಪು ಸರಿಯಿದೆ' ಎಂದು ತೀರ್ಮಾನಿಸುತ್ತಾರೆ. ಟ್ಯಾಂಕಿನಿಂದ ಫೀಡ್ ಪಂಪಿನವರೆಗಿನ ಪೈಪಿನಲ್ಲಿ ಡೀಸೆಲ್ಲನ್ನು ತಳ್ಳುವುದಿಲ್ಲ, ಎಳೆಯುತ್ತದೆ. ಅಲ್ಲಿ ಸಂದು ಬಿದ್ದರೆ ಡೀಸೆಲ್ ಹೊರಗೆ ಸೋರುವುದಿಲ್ಲ. ಗಾಳಿ ಒಳಗೆ ಹೋಗುತ್ತದೆ. ಕಳೆಬಾವಿಯ ಪಂಪಿನ ಸಕ್ಷನ್ ಪೈಪಿನಲ್ಲಿ ಕೂದಲೆಳೆಯಷ್ಟು ತೂತಿದ್ದರೂ ನೀರು ಏಳದಿರುವುದನ್ನು ನೀವು ಕಂಡಿಲ್ಲವೆ? ಇದೂ ಹಾಗೆಯೇ. ಒಣಗಿ ಬಿರಿದ ರಬ್ಬರ್ ಪೈಪು, ಸಡಿಲವಾದ ಕ್ಲಿಪ್ಪು, ಬಳಸಿ ಬಳಸಿ ಗಟ್ಟಿಯಾದ ತಾಮ್ರದ ವಾಷರು, ಫೀಡ್ ಪಂಪಿನ ವಾಲ್ವಿನಲ್ಲಿ ಸಿಕ್ಕಿಕೊಂಡ ಕಸದ ಕಣ ಇವು ಸಾಮಾನ್ಯ ಕಾರಣಗಳು.

ಹುಡುಕುವ ಉತ್ತಮ ಉಪಾಯವೊಂದಿದೆ. ಸ್ವಚ್ಛವಾದ ಐದು ಲೀಟರಿನ ಕ್ಯಾನಿನಲ್ಲಿ ಡೀಸೆಲ್ ತುಂಬಿ ಬಾನೆಟ್ಟಿನ ಹತ್ತಿರ, ಫೀಡ್ ಪಂಪಿಗಿಂತ ಎತ್ತರದಲ್ಲಿ, ಸೈಲೆನ್ಸರಿನ ಬಿಸಿಯಿಂದ ದೂರದಲ್ಲಿ ಕಟ್ಟಿ. ಟ್ಯಾಂಕಿನಿಂದ ಬರುವ ಪೈಪನ್ನು ಫೀಡ್ ಪಂಪಿನ ಬಳಿ ಕಳಚಿ, ಹೊಸ ಪೈಪಿನ ತುಂಡಿನಿಂದ ಕ್ಯಾನನ್ನು ಜೋಡಿಸಿ. ಸಂಜೆ ಏರ್ ತೆಗೆದು ಒಮ್ಮೆ ಸ್ಟಾರ್ಟ್ ಮಾಡಿ ನಿಲ್ಲಿಸಿ. ಮಾರನೆಯ ಬೆಳಿಗ್ಗೆ ಗಾಡಿ ಒಂದೇ ಹೊಡೆತಕ್ಕೆ ಹತ್ತಿದರೆ ದೋಷ ಟ್ಯಾಂಕಿಗೂ ಫೀಡ್ ಪಂಪಿಗೂ ನಡುವೆ ಇದೆಯೆಂಬುದು ಬಹುಮಟ್ಟಿಗೆ ಖಚಿತ. ನ್ಯಾಮತಿ ಕಡೆಯ ರೈತರೊಬ್ಬರಿಗೆ ಪಂಪು ಪೂರ್ತಿ ಬಿಚ್ಚಿ ಮಾಡಿಸಬೇಕೆಂದು ಹೇಳಲಾಗಿತ್ತು. ಅದಕ್ಕಾಗಿ ಮೆಕ್ಕೆಜೋಳ ಮಾರಿದ ಹಣವನ್ನು ತೆಗೆದಿಟ್ಟಿದ್ದರು. ಈ ಕ್ಯಾನಿನ ಪರೀಕ್ಷೆಯ ನಂತರ ಸಿಕ್ಕಿದ ದೋಷ ಟ್ಯಾಂಕಿನ ಬಾಯಿಯ ಬಳಿ ಒಂದು ಗೇಣು ಉದ್ದದ ಬಿರುಕು ಪೈಪು. ಆ ಹಣ ಮುಂಗಾರಿನ ಬೀಜಕ್ಕೆ ಉಳಿಯಿತು.

ಏರ್ ತೆಗೆಯುವ ಕ್ರಮವನ್ನು ಪ್ರತಿಯೊಬ್ಬ ಗಾಡಿ ಮಾಲೀಕರೂ ಕಲಿತಿರಬೇಕು. ಗಾಡಿಯನ್ನು ನ್ಯೂಟ್ರಲ್‌ನಲ್ಲಿಟ್ಟು ಹ್ಯಾಂಡ್ ಬ್ರೇಕ್ ಎಳೆಯಿರಿ. ಫಿಲ್ಟರಿನ ತಲೆಯ ಮೇಲಿನ ಸ್ಕ್ರೂವನ್ನು ಎರಡು ಸುತ್ತು ಸಡಿಲಿಸಿ, ಫೀಡ್ ಪಂಪಿನ ಕೈಗುಂಡಿಯನ್ನು ಒತ್ತುತ್ತ ಹೋಗಿ. ಮೊದಲು ನೊರೆ ಬರುತ್ತದೆ, ಆಮೇಲೆ ಗುಳ್ಳೆ, ಕೊನೆಗೆ ತಿಳಿಯಾದ ಡೀಸೆಲ್. ಒತ್ತುತ್ತಿರುವಾಗಲೇ ಸ್ಕ್ರೂ ಬಿಗಿಯಬೇಕು. ಇದನ್ನೇ ಪಂಪಿನ ಮೇಲಿನ ಸ್ಕ್ರೂನಲ್ಲೂ ಮಾಡಿ. ಇಷ್ಟಕ್ಕೂ ಹತ್ತದಿದ್ದರೆ ಎರಡು ನಾಜಲ್ ಪೈಪುಗಳ ನಟ್ಟುಗಳನ್ನು ಅರ್ಧ ಸುತ್ತು ಸಡಿಲಿಸಿ ಸೆಲ್ಫ್ ಹೊಡೆಸಿ. ಡೀಸೆಲ್ ಚಿಮ್ಮಿದೊಡನೆ ಬಿಗಿಯಿರಿ. ಆ ಚಿಮ್ಮುವ ಡೀಸೆಲ್ಲಿಗೆ ಬರಿಗೈ ಒಡ್ಡಬೇಡಿ. ಅದು ಚರ್ಮವನ್ನು ಸೂಜಿಯಂತೆ ತೂರಿ ಒಳಗೆ ಹೋಗುತ್ತದೆ. ಗಾಯ ಸಣ್ಣದಾಗಿ ಕಂಡರೂ ತಡಮಾಡದೆ ಆಸ್ಪತ್ರೆಗೆ ಹೋಗಬೇಕಾದಷ್ಟು ಅಪಾಯಕಾರಿ. ಗಟ್ಟಿಯಾದ ತಾಮ್ರದ ವಾಷರಿಗೆ ಬದಲಿ ಸಿಗದಿದ್ದರೆ ಅದನ್ನು ಕೆಂಪಗೆ ಕಾಯಿಸಿ ನೀರಿನಲ್ಲಿ ಅದ್ದಿದರೆ ಮೆತ್ತಗಾಗುತ್ತದೆ. ಕಬ್ಬಿಣ ಹೀಗೆ ಮಾಡಿದರೆ ಗಡಸಾಗುತ್ತದೆ, ತಾಮ್ರ ಮೆತ್ತಗಾಗುತ್ತದೆ.

ನೀರಿನ ವಿಷಯವನ್ನೂ ಇಲ್ಲೇ ಹೇಳಿಬಿಡುತ್ತೇನೆ. ಅರ್ಧ ಖಾಲಿ ಟ್ಯಾಂಕಿನ ಗಾಳಿಯಲ್ಲಿರುವ ತೇವ ರಾತ್ರಿ ತಣಿದು ಹನಿಯಾಗಿ ತಳ ಸೇರುತ್ತದೆ. ಪಂಪ್‌ಸೆಟ್ಟಿಗೆಂದು ಡ್ರಮ್ಮಿನಲ್ಲಿಟ್ಟ ಡೀಸೆಲ್ಲನ್ನೇ ಗಾಡಿಗೂ ಸುರಿಯುವ ಹೊನ್ನಾಳಿಯ ಹೊಳೆಸಾಲಿನ ರೈತರು ಇದನ್ನು ಮುಖ್ಯವಾಗಿ ಗಮನಿಸಬೇಕು. ಮುಂಜಾನೆ ಗಾಡಿ ಅಲುಗಾಡಿಸುವ ಮೊದಲು ಫಿಲ್ಟರಿನ ತಳದ ಸ್ಕ್ರೂ ಬಿಚ್ಚಿ ಸ್ವಲ್ಪ ಡೀಸೆಲ್ಲನ್ನು ಗಾಜಿನ ಬಾಟಲಿಗೆ ಹಿಡಿದು ಹತ್ತು ನಿಮಿಷ ಬಿಡಿ. ನೀರಿದ್ದರೆ ತಳದಲ್ಲಿ ಬೇರೆಯಾಗಿ ನಿಲ್ಲುತ್ತದೆ. ಡ್ರಮ್ಮನ್ನು ಒಂದು ಕಡೆಗೆ ವಾಲಿಸಿಟ್ಟು ತಳದ ನಾಲ್ಕು ಬೆರಳು ಡೀಸೆಲ್ಲನ್ನು ಗಾಡಿಗೆ ಬಳಸದಿರುವುದು ಒಳ್ಳೆಯದು. ಸತುವಿನ ಲೇಪವಿರುವ ತಗಡಿನ ಪಾತ್ರೆಯಲ್ಲಿ ಡೀಸೆಲ್ ಇಡಬಾರದು.

ಟ್ಯಾಂಕಿನ ಮುಚ್ಚಳದ ಗಾಳಿರಂಧ್ರ ಗದ್ದೆಯ ಕೆಸರಿನಿಂದ ಮುಚ್ಚಿಹೋದರೆ ಗಾಡಿ ಹತ್ತಿ ಸ್ವಲ್ಪ ದೂರ ಹೋಗಿ ನಿಲ್ಲುತ್ತದೆ. ಮುಚ್ಚಳ ತೆಗೆದಾಗ 'ಉಸ್ಸ್' ಎಂದು ಗಾಳಿ ಎಳೆದುಕೊಂಡರೆ ಕಾರಣ ಅದೇ.

ಹೀಟರ್ ಪ್ಲಗ್, ಗಾಳಿ ಫಿಲ್ಟರ್

ಎಲ್ಲ ಡೀಸೆಲ್ ಗಾಡಿಗಳಲ್ಲೂ ಹೀಟರ್ ಪ್ಲಗ್ ಇರುವುದಿಲ್ಲ. ಡೀಸೆಲ್ಲನ್ನು ನೇರವಾಗಿ ಪಿಸ್ಟನ್ ಮೇಲೆ ಚಿಮುಕಿಸುವ ಡಿ.ಐ. ಇಂಜಿನ್ನುಗಳು ಸಾಮಾನ್ಯವಾಗಿ ಅದಿಲ್ಲದೆಯೇ ಹತ್ತುತ್ತವೆ. ತಲೆಯಲ್ಲಿ ಪ್ರತ್ಯೇಕ ಸಣ್ಣ ಕೋಣೆಯಿರುವ ಹಳೆಯ ಇಂಜಿನ್ನುಗಳಿಗೆ ಮಾತ್ರ ಅದು ಅತ್ಯಗತ್ಯ. ಕೀಲಿಯನ್ನು ಹೀಟರಿನ ಸ್ಥಾನದಲ್ಲಿಟ್ಟು ಹತ್ತು ಇಪ್ಪತ್ತು ಸೆಕೆಂಡು ಕಾಯದೆ ಹೊಡೆಯುವುದು ನಮ್ಮ ಚಾಲಕರ ಆತುರ. ಕಾದರೂ ಬಿಳಿ ಹೊಗೆಯೇ ಬಂದರೆ ಪ್ರತಿ ಪ್ಲಗ್ಗಿನ ವೈರು ಕಳಚಿ, 12 ವೋಲ್ಟಿನ ಬಲ್ಬಿನ ಒಂದು ತುದಿಯನ್ನು ಬ್ಯಾಟರಿಯ ಪ್ಲಸ್‌ಗೂ ಇನ್ನೊಂದನ್ನು ಪ್ಲಗ್ಗಿನ ತುದಿಗೂ ತಾಗಿಸಿ. ಬಲ್ಬು ಉರಿದರೆ ಪ್ಲಗ್ ಜೀವಂತ, ಉರಿಯದಿದ್ದರೆ ಸುಟ್ಟಿದೆ. ಎಲ್ಲವೂ ಜೀವಂತವಾಗಿದ್ದರೆ ರಿಲೇ ಮತ್ತು ಫ್ಯೂಸನ್ನು ನೋಡಿ.

ಜಗಳೂರಿನ ಕೆಂಪು ಧೂಳಿನಲ್ಲಿ, ಮೆಕ್ಕೆಜೋಳ ಬಿಡಿಸುವ ಯಂತ್ರದ ಪಕ್ಕದಲ್ಲಿ ನಿಲ್ಲುವ ಗಾಡಿಯ ಗಾಳಿ ಫಿಲ್ಟರನ್ನು ಕಂಪನಿಯ ಪುಸ್ತಕದಲ್ಲಿ ಹೇಳಿದ ಅವಧಿಯ ಅರ್ಧಕ್ಕೇ ಬಿಚ್ಚಿ ನೋಡಬೇಕು. ಎಣ್ಣೆ ತೊಟ್ಟಿಯ ಮಾದರಿಯಾದರೆ ತಳದ ಕೆಸರನ್ನು ತೆಗೆದು ಡೀಸೆಲ್ಲಿನಲ್ಲಿ ತೊಳೆದು ಗುರುತಿನವರೆಗೆ ಹೊಸ ಆಯಿಲ್ ಹಾಕಿ. ಕಾಗದದ ಮಾದರಿಯನ್ನು ನೀರಿನಲ್ಲಾಗಲಿ ಡೀಸೆಲ್ಲಿನಲ್ಲಾಗಲಿ ತೊಳೆಯಬಾರದು. ಕಟ್ಟಿಕೊಂಡ ಫಿಲ್ಟರಿಗಿಂತ ಹರಿದ ಫಿಲ್ಟರ್ ಹೆಚ್ಚು ಕೇಡು. ಧೂಳು ಒಳಗೆ ಹೋಗಿ ರಿಂಗುಗಳನ್ನು ಸವೆಸಿದರೆ ಕಂಪ್ರೆಷನ್ ಇಳಿದು ಸ್ಟಾರ್ಟಿಂಗ್ ಕಾಯಿಲೆ ಶಾಶ್ವತವಾಗುತ್ತದೆ.

ಕಂಪ್ರೆಷನ್ ಇಳಿದಿದೆಯೆಂದು ಯಾರಾದರೂ ಹೇಳಿದರೆ ಮೀಟರ್ ಹಾಕಿ ಪ್ರತಿ ಸಿಲಿಂಡರಿನ ಅಂಕಿಯನ್ನು ತೋರಿಸಿರೆಂದು ಕೇಳುವ ಹಕ್ಕು ನಿಮಗಿದೆ. ಅದಕ್ಕೂ ಮೊದಲು ಟ್ಯಾಪೆಟ್ ಅಂತರವನ್ನು ಸರಿಪಡಿಸಿ ನೋಡಬೇಕು. ಹಾಗೆಯೇ ನಾಜಲ್‌ಗಳನ್ನು ಪರೀಕ್ಷಾ ಯಂತ್ರದ ಮೇಲೆ ನಿಮ್ಮ ಕಣ್ಣೆದುರಿಗೇ ಹೊಡೆಸಿ. ಮಂಜಿನಂತೆ ಬರುತ್ತದೆಯೋ, ಹನಿ ಜಿನುಗುತ್ತದೆಯೋ ಎಂದು ಯಾರಾದರೂ ಗುರುತಿಸಬಹುದು. ಪಂಪು ಬಿಚ್ಚುವುದು ಇವೆಲ್ಲ ಮುಗಿದ ನಂತರದ ಮಾತು.

ತಣ್ಣಗಿದ್ದಾಗ ಸುಲಭವಾಗಿ ಹತ್ತಿ, ಮಂಡಿಯಲ್ಲಿ ಮಾಲು ಇಳಿಸಿ ಹೊರಡುವಾಗ ಬಿಸಿಯಲ್ಲಿ ಹತ್ತದ ಗಾಡಿಗಳ ಕಥೆ ಬೇರೆ. ಅಲ್ಲಿ ಸೆಲ್ಫ್ ಚುರುಕಾಗಿದ್ದರೆ ಪಂಪಿನ ಒಳಭಾಗ ಸವೆದಿರುವ ಸಂಭವ ಹೆಚ್ಚು. ಬಿಸಿಯಾಗಿ ತೆಳುವಾದ ಡೀಸೆಲ್ ಸವೆದ ಸಂದಿನಿಂದ ಹಿಂದಕ್ಕೆ ಜಾರುತ್ತದೆ. ದುಂಡನೆಯ ರೋಟರಿ ಪಂಪಿನ ಮೇಲೆ ಒದ್ದೆ ಬಟ್ಟೆ ಹಾಕಿ ಹತ್ತು ನಿಮಿಷ ತಣಿಸಿದ ಮೇಲೆ ಹತ್ತಿದರೆ ಈ ಊಹೆ ನಿಜವಾಗುತ್ತದೆ. ಇದು ಪರೀಕ್ಷೆಯಷ್ಟೇ, ಪರಿಹಾರವಲ್ಲ. ಇಲ್ಲಿ ಪಂಪಿಗೆ ಹಣ ಹಾಕುವುದು ನ್ಯಾಯ.

ಅಪಾಯದ ಅಡ್ಡದಾರಿಗಳು

ಗಾಳಿ ಫಿಲ್ಟರ್ ಬಿಚ್ಚಿ ಪೆಟ್ರೋಲ್ ಬಟ್ಟೆ ಹಿಡಿಯುವುದು, ಈಥರ್ ಸ್ಪ್ರೇ ಹೊಡೆಯುವುದು, ಉರಿಯುವ ಪಂಜು ತೋರಿಸುವುದು ಹಳ್ಳಿಗಳಲ್ಲಿ ಇನ್ನೂ ಇದೆ. ಪೆಟ್ರೋಲ್, ಈಥರ್ ಆವಿ ಪಿಸ್ಟನ್ ಮೇಲೆ ಬರುವ ಮೊದಲೇ ಸಿಡಿದು ರಿಂಗು, ಕನೆಕ್ಟಿಂಗ್ ರಾಡುಗಳನ್ನು ಮುರಿಯಬಲ್ಲದು. ಹೀಟರ್ ಪ್ಲಗ್ ಬಿಸಿಯಾಗಿರುವ ಇಂಜಿನ್ನಿಗಂತೂ ಈಥರ್ ತೋರಿಸಲೇಬಾರದು. ಮುಖ ಸುಟ್ಟುಕೊಳ್ಳುವ ಅಪಾಯ ಬೇರೆ.

ತಳ್ಳಿ ಸ್ಟಾರ್ಟ್ ಮಾಡುವುದು ಬ್ಯಾಟರಿ ಸೋತಾಗ ಮಾತ್ರ ಉಪಯೋಗಕ್ಕೆ ಬರುತ್ತದೆ. ಡೀಸೆಲ್ ಬರದ ಗಾಡಿಯನ್ನು ಊರಿನ ಹುಡುಗರೆಲ್ಲ ತಳ್ಳಿದರೂ ಫಲವಿಲ್ಲ. ಇಂಜಿನ್ನು ನಿಂತಿರುವಾಗ ಬ್ರೇಕಿನ ಸಹಾಯಕ ಶಕ್ತಿ ಇರುವುದಿಲ್ಲವಾದ್ದರಿಂದ ಪೆಡಲು ಕಲ್ಲಿನಂತೆ ಗಟ್ಟಿಯಾಗಿರುತ್ತದೆ. ಇಳಿಜಾರಿನಲ್ಲಿ ಬಿಟ್ಟು ಹತ್ತಿಸುವವರು ಇದನ್ನು ನೆನಪಿಡಬೇಕು. ಗಾಡಿಯ ಮುಂದೆ ಮಕ್ಕಳು ನಿಲ್ಲದಂತೆ ನೋಡಿಕೊಳ್ಳಬೇಕು.

ಟ್ರ್ಯಾಕ್ಟರಿನ 12 ವೋಲ್ಟ್ ಬ್ಯಾಟರಿಯಿಂದ ವೈರು ಕೊಟ್ಟು ಹತ್ತಿಸಬಹುದು. 24 ವೋಲ್ಟಿನ ಲಾರಿಯಿಂದ ಕೊಡಬಾರದು. ಪ್ಲಸ್‌ಗೆ ಪ್ಲಸ್ ಮೊದಲು ಜೋಡಿಸಿ, ಮೈನಸ್ ವೈರಿನ ಕೊನೆಯ ತುದಿಯನ್ನು ಸತ್ತ ಬ್ಯಾಟರಿಗೆ ಕೊಡದೆ ಅದರಿಂದ ದೂರದಲ್ಲಿ ಇಂಜಿನ್ನಿನ ಕಬ್ಬಿಣಕ್ಕೆ ಕೊಡಿ. ಬ್ಯಾಟರಿಯಿಂದ ಏಳುವ ಹೈಡ್ರೋಜನ್ ಅನಿಲಕ್ಕೆ ಆ ಕೊನೆಯ ಕಿಡಿ ಸಾಕು. ಬೀಡಿ ಹಚ್ಚಿಕೊಂಡು ಬ್ಯಾಟರಿ ಮುಚ್ಚಳ ತೆಗೆಯುವವರನ್ನು ದೂರ ಕಳಿಸಿ.

ಸೆಲ್ಫನ್ನು ಒಂದು ಸಲಕ್ಕೆ ಹತ್ತು ಹದಿನೈದು ಸೆಕೆಂಡಿಗಿಂತ ಹೆಚ್ಚು ಹೊಡೆಯಬೇಡಿ. ನಡುವೆ ಒಂದು ನಿಮಿಷವಾದರೂ ಬಿಡುವು ಕೊಡಿ. ಗ್ಯಾರೇಜಿಗೆ ಹೋಗಬೇಕಾದಾಗ 'ಸ್ಟಾರ್ಟ್ ಆಗ್ತಿಲ್ಲ' ಎಂದಷ್ಟೇ ಹೇಳದೆ, ಸೆಲ್ಫ್ ಹೇಗೆ ತಿರುಗಿತು, ಹೊಗೆ ಯಾವ ಬಣ್ಣ, ತಣ್ಣಗಿದ್ದಾಗಲೋ ಬಿಸಿಯಲ್ಲೋ, ಕ್ಯಾನಿನಿಂದ ಕೊಟ್ಟಾಗ ಏನಾಯಿತು ಎಂಬುದನ್ನು ಒಂದು ಚೀಟಿಯಲ್ಲಿ ಬರೆದುಕೊಂಡು ಹೋಗಿ ಮೇಸ್ತ್ರಿಯ ಕೈಗೆ ಕೊಡಿ.